ಇಪ್ಪತ್ತೈದು ಕಿಲೋಮೀಟರ್, ಎರಡು ವರ್ಷ

2022ರ ಹೊತ್ತಿಗೆ ನಾನು ಹೊನ್ನಾಳಿಯಲ್ಲಿ ಕರಿಕೋಟು ಹಾಕಿ ಇಪ್ಪತ್ತೊಂಬತ್ತು ವರ್ಷವಾಗಿತ್ತು, ನೋಟರಿಯಾಗಿ ಹನ್ನೊಂದು ವರ್ಷ. ಚನ್ನಗಿರಿ, ಜಗಳೂರು ಕೋರ್ಟುಗಳಿಗೂ ಆಗಾಗ ಹೋಗಿಬರುತ್ತಿದ್ದೆ. ಜಮೀನು ಪಾಲು, ಬದುವಿನ ಜಗಳ, ಜೀವನಾಂಶ, ನನ್ನ ಕಕ್ಷಿದಾರರ ತಕರಾರುಗಳೆಲ್ಲ ಇಷ್ಟರೊಳಗೇ ಮುಗಿಯುತ್ತಿದ್ದವು. ಫ್ರಾಂಚೈಸಿ ಎಂಬ ಪದವನ್ನು ಬೇಕರಿ ಬೋರ್ಡುಗಳ ಮೇಲೆ ಓದಿದ್ದೆ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕೇಸಿನಲ್ಲಿ ಮೊದಲ ತಪ್ಪು ಮಾಡಿದವನು ನಾನೇ.

ಆ ವರ್ಷದ ಫೆಬ್ರವರಿಯಲ್ಲಿ ಮಂಜುಳಾ ಎಂಬ ಹೆಣ್ಣುಮಗಳು ನಲವತ್ತೆರಡು ಪುಟದ ಕರಾರುಪತ್ರ ಹಿಡಿದು ನನ್ನ ಆಫೀಸಿಗೆ ಬಂದಳು. ಗೋವಿನಕೋವಿಯ ಕೂಲಿಕಾರರ ಮನೆಯ ಮಗಳು. ನರ್ಸರಿ ಟೀಚರ್ ತರಬೇತಿ ಮುಗಿಸಿ, ಮದುವೆಯಾಗಿ ನ್ಯಾಮತಿಗೆ ಬಂದಿದ್ದಳು. ಬೆಂಗಳೂರಿನ ಒಂದು ಕಂಪನಿಯ ಹೆಸರಿನಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆಯುವುದಿತ್ತು. ಹೆಸರು, ಬೋರ್ಡು, ಪುಸ್ತಕ, ಸಮವಸ್ತ್ರ ಕಂಪನಿಯದು. ಕಟ್ಟಡ ಮತ್ತು ದುಡಿಮೆ ಇವಳದು. ಫ್ರಾಂಚೈಸಿ ಎಂದರೆ ಸರಳವಾಗಿ ಇಷ್ಟೇ. ಐದು ವರ್ಷದ ಕರಾರು, ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಎಲ್ಲಾ ಸರಿ ಐತಲ್ರೀ ಸಾರ್?" ಎಂದು ಕೇಳಿದಳು.

ನಮ್ಮ ಕಡೆ ಕರಾರು ಓದುವ ಪದ್ಧತಿಯೇ ಇದು. ವಕೀಲನನ್ನು ಕೇಳುವುದು, ಅವನು ಹೂಂ ಎಂದರೆ ಸಹಿ ಹಾಕುವುದು. ನಾನು ಮೊದಲ ಪುಟ, ಕೊನೆಯ ಪುಟ ನೋಡಿ, "ಕಂಪನಿಯೋರ ಫಾರ್ಮ್ಯಾಟ್ ಕಣಮ್ಮ, ಎಲ್ಲಾ ಕಡೆ ಹಿಂಗೇ ಇರ್ತೈತೆ" ಎಂದೆ. ಸೀಲು ಒತ್ತಿದೆ. ಒತ್ತುವಾಗ ಟೀ ಬಂದಿತ್ತು, ಆರುವ ಮೊದಲು ಕುಡಿಯುವ ಅವಸರ ನನಗೆ.

ಜೂನ್‌ನಲ್ಲಿ ನ್ಯಾಮತಿಯಲ್ಲಿ ಶಾಲೆ ತೆರೆಯಿತು. ಎರಡನೇ ವರ್ಷಕ್ಕೆ ಅರವತ್ತೊಂದು ಮಕ್ಕಳಾದರು. ಹೆಚ್ಚಿನವರ ತಾಯಂದಿರು ಬೆಳಗ್ಗೆ ಗೂಡ್ಸ್ ಆಟೋ ಹತ್ತಿ ಹೊಲ ಗದ್ದೆಗಳಿಗೆ ಹೋಗುವವರು. ಕಂಪನಿಯ ನಿಯಮದಂತೆ ಮಧ್ಯಾಹ್ನ ಹನ್ನೆರಡೂವರೆಗೆ ಗೇಟು ಹಾಕಬೇಕು. ಆದರೆ ನಾಟಿ ಕಾಲದಲ್ಲಿ ಹನ್ನೆರಡೂವರೆಗೆ ಯಾವ ತಾಯಿ ಗದ್ದೆಯಿಂದ ಮೇಲೆ ಬಂದಾಳು? ಮಂಜುಳಾ ಮಕ್ಕಳನ್ನು ಸಂಜೆ ಐದರವರೆಗೆ ಅಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಮಂಡಕ್ಕಿ ಕೊಟ್ಟು, ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸುತ್ತಿದ್ದಳು. ಇದಕ್ಕೆ ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ.

2024ರ ಫೆಬ್ರವರಿಯಲ್ಲಿ, ಬೇಸಿಗೆ ಬೆಳೆಯ ನಾಟಿ ನಡೆಯುತ್ತಿದ್ದಾಗ, ಕಂಪನಿಯ ತಪಾಸಣೆಯವರು ಮಧ್ಯಾಹ್ನ ಮೂರಕ್ಕೆ ಬಂದಿಳಿದರು. ಸ್ಲೇಟುಗಳ ಫೋಟೊ ತೆಗೆದುಕೊಂಡು ಹೋದರು. ಮಾರ್ಚ್‌ನಲ್ಲಿ ನೋಟಿಸು ಬಂತು. ಲಿಖಿತ ಅನುಮತಿ ಇಲ್ಲದೆ ತಮ್ಮ ಹೆಸರಿನಡಿ ಬೇರೆ ಚಟುವಟಿಕೆ ನಡೆಸಿದ್ದರಿಂದ ಕರಾರು ರದ್ದು, ಹದಿನೈದು ದಿನದಲ್ಲಿ ಬೋರ್ಡು ಇಳಿಸಿ ಎಂದಿತ್ತು.

ನೋಟಿಸು ನನ್ನ ಮೇಜಿಗೆ ಬಂದ ಮೇಲೆ ಆ ನಲವತ್ತೆರಡು ಪುಟಗಳನ್ನು ಮೊದಲ ಸಲ ಪೂರ್ತಿ ಓದಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಮೂವತ್ತೊಂದನೇ ಷರತ್ತು ಹೀಗಿತ್ತು: ಕರಾರು ಮುಗಿದ ಮೇಲೆ ಎರಡು ವರ್ಷ, ಶಾಲೆಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೆ, ಸ್ವಂತ ಹೆಸರಿನಲ್ಲೂ ಅವಳು ಮಕ್ಕಳ ಶಾಲೆ ನಡೆಸುವಂತಿಲ್ಲ. ನ್ಯಾಮತಿ ಹೋಯಿತು, ಅವಳ ತವರು ಗೋವಿನಕೋವಿ ಹೋಯಿತು, ಹೊನ್ನಾಳಿಯೂ ಹೋಯಿತು. ಮೂವತ್ತಾರನೇ ಷರತ್ತಿನಲ್ಲಿ, ತಕರಾರು ಬಂದರೆ ಬೆಂಗಳೂರಿನಲ್ಲಿ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಬದಲು ಕೂತು ತೀರ್ಪು ಕೊಡುವ ಮಧ್ಯಸ್ಥಗಾರನ ಮುಂದೆ ಹೋಗಬೇಕು ಎಂದಿತ್ತು.

"ಅವತ್ತು ನಾನು ಇದನ್ನ ಓದಿರ್ಲಿಲ್ಲಮ್ಮ" ಎಂದೆ.

"ಗೊತ್ತೈತೆ ಸಾರ್. ಎರಡು ನಿಮಿಷಕ್ಕೆ ವಾಪಸ್ ಕೊಟ್ರಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಬೋರ್ಡ್ ಬೇಕಾದ್ರೆ ತಗಂಡ್ ಹೋಗ್ಲಿ. ಜೂನ್‌ಗೆ ಮಕ್ಕಳು ಬರ್ತಾವೆ. ಕಲಿಸಾಕೆ ನನ್ನ ಬಿಟ್ರೆ ಸಾಕು."

ಅವಳು ಕೇಳಿದ್ದು ಅಷ್ಟೇ. ಕಾನೂನೂ ಅವಳ ಕಡೆಗೇ ಇತ್ತು. ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಯಾರನ್ನೇ ಆಗಲಿ ಅವರ ಕಸುಬು ಮಾಡದಂತೆ ತಡೆಯುವ ಷರತ್ತು ಸಾಮಾನ್ಯವಾಗಿ ಅನೂರ್ಜಿತ. ಕರಾರು ನಡೆಯುತ್ತಿರುವಾಗ ತಡೆಯಬಹುದು, ಮುಗಿದ ಮೇಲೆ ಕಟ್ಟಿಹಾಕಲಾಗದು. ನಾನು ಧೈರ್ಯವಾಗಿ, "ಗೆಲ್ತೀವಿ ಬಿಡಮ್ಮ" ಎಂದೆ. ಗೆಲ್ಲುವುದು ಯಾವಾಗ ಎಂದು ಅವಳು ಕೇಳಲಿಲ್ಲ. ನಾನೂ ಲೆಕ್ಕ ಹಾಕಲಿಲ್ಲ.

ಎರಡನೇ ತಪ್ಪು ಆಗಲೇ ಮಾಡಿದ್ದು. ಬೆಂಗಳೂರಿಗೆ ಓಡಬೇಕಾದವನು ಹೊನ್ನಾಳಿ ಕೋರ್ಟಿನಲ್ಲೇ ದಾವೆ ಹಾಕಿದೆ. ನನಗೆ ಗೊತ್ತಿದ್ದ ಬಾಗಿಲು ಅದು. ಅಭ್ಯಾಸಬಲ. ಕಂಪನಿಯ ವಕೀಲರು ಬಂದು, ಆರ್ಬಿಟ್ರೇಷನ್ ಷರತ್ತು ಇರುವಾಗ ಈ ದಾವೆ ಇಲ್ಲಿ ನಡೆಯದು ಎಂದು ಅರ್ಜಿ ಕೊಟ್ಟರು. ಅಷ್ಟರಲ್ಲಿ ಕೋರ್ಟಿಗೆ ಬೇಸಿಗೆ ರಜೆ. ರಜೆ ಮುಗಿದ ಮೇಲೆ ನ್ಯಾಯಾಧೀಶರು ಅವರ ಅರ್ಜಿಯನ್ನೇ ಒಪ್ಪಿದರು. ಒಪ್ಪಲೇಬೇಕಿತ್ತು, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ನಡುವೆ ಕಂಪನಿಯವರು ಬೆಂಗಳೂರಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಷರತ್ತು ನಿಲ್ಲುತ್ತದೋ ಇಲ್ಲವೋ ಎಂಬುದು ಆರ್ಬಿಟ್ರೇಟರ್ ನೋಡುವ ವಿಷಯ, ಅವರ ತೀರ್ಮಾನ ಬರುವವರೆಗೆ ಆ ಕಟ್ಟಡದಲ್ಲಾಗಲಿ, ಸುತ್ತಲಾಗಲಿ ಮಂಜುಳಾ ಶಾಲೆ ನಡೆಸಬಾರದು.

ಜೂನ್ ಮೊದಲ ವಾರ ಆ ತಡೆಯಾಜ್ಞೆಯ ಪ್ರತಿ ಕೊಡಲು ನ್ಯಾಮತಿಗೆ ಹೋದೆ. ಬೆಳಗ್ಗೆ ಎಂಟೂವರೆ. ಬೋರ್ಡು ಇಳಿಸಿದ್ದ ಗೋಡೆಯಲ್ಲಿ ನಾಲ್ಕು ಮೊಳೆ ಉಳಿದಿದ್ದವು. ಮಂಜುಳಾ ಗೇಟಿನ ಬಳಿ ನಿಂತು, ಬಂದವರಿಗೆಲ್ಲ ಶಾಲೆ ಇಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ರಸ್ತೆಯಲ್ಲಿ ಗೂಡ್ಸ್ ಆಟೋ ಹಾರ್ನ್ ಹೊಡೆಯುತ್ತಿತ್ತು. ಅದರಿಂದ ಇಳಿದು ಬಂದ ಒಬ್ಬ ತಾಯಿ ಮಗುವಿನ ಕೈ ಬಿಡದೆ ನಿಂತಳು.

"ಶಾಲಿ ಬ್ಯಾಡ ಬಿಡಕ್ಕ. ಸುಮ್ನೆ ಕುಂದ್ರಿಸ್ಕಳ್ರಿ. ಸಂಜಿಗೆ ಬಂದು ಕರ್ಕಂಡ್ ಹೋಕ್ಕೀನಿ."

ಮಂಜುಳಾ ನನ್ನ ಮುಖ ನೋಡಿದಳು. ಒಂದು ಮಗುವನ್ನು ಕೂರಿಸಿಕೊಂಡರೂ ಫೋಟೊ ತೆಗೆಯುತ್ತಾರೆ, ತಡೆಯಾಜ್ಞೆ ಉಲ್ಲಂಘನೆ ಎನ್ನುತ್ತಾರೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಬೇಡ ಎಂದು ತಲೆ ಆಡಿಸಿದೆ. ಆ ತಾಯಿ ಮಗುವನ್ನು ಎತ್ತಿಕೊಂಡು ಆಟೋ ಹತ್ತಿದಳು. ಮಗುವೂ ಗದ್ದೆಗೆ ಹೋಯಿತು.

ಆಗ ನನಗೆ ಏನೂ ಅನ್ನಿಸಲಿಲ್ಲ. ಆದೇಶ ತಲುಪಿದ್ದಕ್ಕೆ ಅವಳ ಸಹಿ ತೆಗೆದುಕೊಂಡೆ, ಬಸ್ಸು ಹತ್ತಿದೆ, ಮಧ್ಯಾಹ್ನದ ಊಟ ಎಂದಿನಂತೆ ಸೇರಿತು. ಮೂವತ್ತು ವರ್ಷ ಬೇರೆಯವರ ಗೋಳು ಕೇಳಿದವನಿಗೆ ಹೀಗಾಗುತ್ತದೆ. ಅದು ಗಟ್ಟಿತನ ಎಂದು ನಾನು ತಿಳಿದಿದ್ದೆ. ಗಟ್ಟಿತನವಲ್ಲ, ಮರಗಟ್ಟಿದ್ದು. ಮಂಜುಳಾ ಕೂಡ ಆಮೇಲೆ ಫೋನ್ ಮಾಡಿದಾಗಲೆಲ್ಲ, "ಡೇಟ್ ಯಾವಾಗೈತೆ ಸಾರ್?" ಎಂದಷ್ಟೇ ಕೇಳುತ್ತಿದ್ದಳು, ಬಸ್ಸಿನ ಟೈಮು ಕೇಳಿದ ಹಾಗೆ.

ಆಗಸ್ಟ್‌ನಲ್ಲಿ ಆರ್ಬಿಟ್ರೇಟರ್ ನೇಮಕವಾಯಿತು. ವಾದವೆಲ್ಲ ವಿಡಿಯೊ ಕಾಲ್‌ನಲ್ಲಿ ನಡೆಯಿತು. ನಾನು ಒಳ್ಳೆಯ ವಾದ ಮಾಡಿದೆ, ಅದರಲ್ಲಿ ಸಂಕೋಚವಿಲ್ಲ. 2025ರ ಫೆಬ್ರವರಿಯಲ್ಲಿ ತೀರ್ಪು ಬಂತು. ಕಂಪನಿಯ ಪುಸ್ತಕ, ಸಮವಸ್ತ್ರ ವಾಪಸ್ ಕೊಡಬೇಕು. ಆದರೆ ಮೂವತ್ತೊಂದನೇ ಷರತ್ತು ಅನೂರ್ಜಿತ. ಅವಳು ಎಲ್ಲಿ ಬೇಕಾದರೂ ಶಾಲೆ ನಡೆಸಬಹುದು.

ಫೋನ್ ಮಾಡಿ, "ಗೆದ್ವಮ್ಮ!" ಎಂದೆ.

"ಊಟಕ್ಕಿಲ್ಲದ ಉಪ್ಪಿನಕಾಯಿ ಆತಲ್ರೀ ಸಾರ್" ಎಂದಳು. ಅರವತ್ತೊಂದು ಮಕ್ಕಳಲ್ಲಿ ದೊಡ್ಡವರು ಒಂದನೇ ಕ್ಲಾಸಿಗೆ ಸೇರಿದ್ದರು, ಉಳಿದವರು ಬೇರೆ ಶಾಲೆಗಳಿಗೆ ಹೋಗಿದ್ದರು. ಕಟ್ಟಡವನ್ನು ಮೂರು ವರ್ಷದ ಕರಾರಿನ ಮೇಲೆ ಗೊಬ್ಬರದ ಅಂಗಡಿಗೆ ಬಾಡಿಗೆಗೆ ಕೊಟ್ಟಾಗಿತ್ತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಜನ ಅನ್ನುವುದನ್ನು ಕೇಳಿ ನಾವು ವಕೀಲರು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಫ್ರಾಂಚೈಸಿ ಕರಾರು ಹಿಡಿದು ಯಾರಾದರೂ ಬಂದರೆ, ಶುರುವಾಗುವುದು ಹೇಗೆ ಎಂಬ ಪುಟಗಳನ್ನು ಆಮೇಲೆ ನೋಡುತ್ತೇನೆ. ಮುಗಿಯುವುದು ಹೇಗೆ, ಮುಗಿದ ಮೇಲೆ ಏನು, ತಕರಾರು ಯಾವ ಊರಿನಲ್ಲಿ ಎಂಬುದನ್ನು ಮೊದಲು ಓದಿ ಕನ್ನಡದಲ್ಲಿ ಹೇಳುತ್ತೇನೆ. ಗೆಲ್ಲುತ್ತೀರಿ ಎಂದು ಯಾರಿಗೂ ಹೇಳುವುದಿಲ್ಲ, ಎಷ್ಟು ದಿನ ಕಾಯಬಲ್ಲಿರಿ ಎಂದು ಕೇಳುತ್ತೇನೆ. ಷರತ್ತು ಕಾನೂನಿನ ಎದುರು ನಿಲ್ಲದಿದ್ದರೂ, ಅದನ್ನು ಬೀಳಿಸುವಷ್ಟರಲ್ಲಿ ಬರೆದವನ ಕೆಲಸ ಆಗಿಹೋಗಿರುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಇದು, ನಾನು ಕಲಿಯಲು ಮಂಜುಳಾ ತನ್ನ ಶಾಲೆ ಕಳೆದುಕೊಳ್ಳಬೇಕಾಯಿತು.

2025ರ ಮೇ ತಿಂಗಳಲ್ಲಿ ಅವಳು ಮತ್ತೆ ಆಫೀಸಿಗೆ ಬಂದಳು. ಅದೇ ಕಂಪನಿ ಹೊನ್ನಾಳಿಯಲ್ಲಿ ಬೇರೊಬ್ಬರಿಗೆ ಶಾಲೆ ಕೊಟ್ಟಿತ್ತು, ಅಲ್ಲಿ ಟೀಚರ್ ಕೆಲಸಕ್ಕೆ ಇವಳನ್ನು ಕರೆದಿದ್ದರು. ಆರು ಪುಟದ ನೇಮಕಾತಿ ಪತ್ರ. ಒಂದೊಂದು ಸಾಲನ್ನೂ ಓದಿ ಹೇಳಿದೆ. ಐದನೇ ಪುಟದಲ್ಲಿ ನಿಂತೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ, ಇಪ್ಪತ್ತೈದು ಕಿಲೋಮೀಟರ್ ಒಳಗೆ ಮಕ್ಕಳಿಗೆ ಕಲಿಸುವಂತಿಲ್ಲ.

"ಇದು ನಿಲ್ಲಲ್ಲಮ್ಮ. ಅನೂರ್ಜಿತ ಅಂತ ನಮ್ಮ ಹತ್ರ ತೀರ್ಪೇ ಐತೆ" ಎಂದೆ.

"ನಿಲ್ಲಲ್ಲ ಅಂತ ನಂಗೂ ಗೊತ್ತೈತ್ರೀ ಸಾರ್" ಎಂದಳು ಮಂಜುಳಾ. "ಮೂರು ವರ್ಷದ ಮಗು ತೀರ್ಪು ಬರೋಗಂಟ ಮೂರು ವರ್ಷದ್ದೇ ಇರಲ್ಲ ನೋಡ್ರಿ. ಈಗ ಕಲಿಸಾಕೆ ನಂಗೆ ಇದೊಂದೇ ಜಾಗ ಐತೆ. ಎಲ್ಲಿ ಸೈನ್ ಮಾಡ್ಲಿ?"

ಸಹಿ ಮಾಡುವ ಜಾಗವನ್ನು ಬೆರಳಿಟ್ಟು ತೋರಿಸಿದೆ.