ಕೋವಿ ಕಮ್ಮಾರ ಇಲೋಕಾ

ಆವ್ಕಾ ಊರಿನ ಕಮ್ಮಾರರನ್ನು ಕಂಡರೆ ಕಬ್ಬಿಣವೇ ಮೆತ್ತಗಾಗುತ್ತದೆ ಎಂದು ಹೊಗಳುವವರಿದ್ದರು. ಇಲೋಕಾನಿಗೆ ಆ ಹೊಗಳಿಕೆ ತುಸು ತಲೆಗೇರಿತ್ತು. "ಗುದ್ದಲಿ ಇಲ್ಲಿಟ್ಟು ಹೋಗಿ ಕಳ್ಳು ಕುಡ್ಕೊಂಡ್ ಬಾ, ಅಷ್ಟರಲ್ಲಿ ರೆಡಿ" ಅನ್ನುತ್ತಿದ್ದ, ಮಾಡಿಯೂ ತೋರಿಸುತ್ತಿದ್ದ. ಯುದ್ಧ ಬಂದು ಊರನ್ನೇ ನುಂಗಿದಾಗ ತಿದಿ, ಸುತ್ತಿಗೆ ಹೊತ್ತು, ತಾಯಿಯಿಲ್ಲದ ಮಗಳು ಅಡಾಕುವನ್ನು ಕರೆದುಕೊಂಡು ಓರ್ಲು ಎಂಬ ಊರಿನ ಕಡೆಗೆ ಓಡಿಬಂದ. ಅಲ್ಲಿ ಬಾಗಿಲು ಮುಚ್ಚಿದ ಶಾಲೆಯ ಹಿಂದೆ ಕುಲುಮೆ ಹೂಡಿ, ಪ್ರತ್ಯೇಕ ದೇಶ ಬೇಕೆಂದು ಕಾದುತ್ತಿದ್ದ ಬಯಾಫ್ರಾ ಸೈನ್ಯದ ಮುರುಕು ಕೋವಿಗಳನ್ನು ರಿಪೇರಿ ಮಾಡತೊಡಗಿದ.

ಅವೋ ಒಂದಕ್ಕೊಂದು ಸಂಬಂಧವಿಲ್ಲದ ಕೋವಿಗಳು. ಒಂದು ಫ್ರಾನ್ಸಿನದು, ಒಂದು ಚೆಕ್ ದೇಶದ್ದು, ಇನ್ನೊಂದು ಶತ್ರುವಿನ ಕೈಯಿಂದ ಕಿತ್ತದ್ದು. ಒಂದರ ತೋಟೆ ಇನ್ನೊಂದಕ್ಕೆ ಕೂರದು. ನಮ್ಮಲ್ಲಿ ಕಳ್ಳು ಕೊಡುವವನು ಅದರಲ್ಲಿ ವಿಷವಿಲ್ಲವೆಂದು ಮೊದಲು ತಾನೇ ಒಂದು ಗುಟುಕು ಕುಡಿದು ತೋರಿಸಬೇಕು. ಇಲೋಕಾ ಕೋವಿಗೂ ಅದೇ ಕಟ್ಟಳೆ ಹಚ್ಚಿದ: ತಾನು ಹಾರಿಸಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಕೋವಿ ಕಳಿಸುತ್ತಿದ್ದ ಕ್ಯಾಪ್ಟನ್ ಅಜೂಕಾನಿಗೆ ಇದು ನುಂಗಲಾರದ ತುತ್ತು. "ಯಜಮಾನ್ರೇ, ಹುಡುಗರು ಐದೇ ತೋಟೆ ಹಿಡ್ಕೊಂಡ್ ಹೋಗ್ತಾರೆ. ನೀವು ಇಲ್ಲಿ ಮರಕ್ಕೆ ಹೊಡೀತೀರಿ. ಇವತ್ತಿಂದ ಬೇಡ."

ಮಾರನೆಯ ದಿನ ಅಡಾಕುವಿನ ಗಂಡ ಮಡುಕಾನ ಕೋವಿ ಕುಲುಮೆಗೆ ಬಂತು. ಈ ಊರಿಗೆ ಬಂದ ಮೇಲೆ ಮೊನ್ನೆಮೊನ್ನೆ ಮದುವೆಯಾದ ಹೊಸ ಅಳಿಯ. ಕೋವಿ ಸರಿಯಾದರೆ ಸಂಜೆಗೇ ಅವನು ಯುದ್ಧದ ಮುಂದಿನ ಸಾಲಿಗೆ ಹೊರಡಬೇಕು. ಕೋವಿಯಿಲ್ಲದವನನ್ನು ಕ್ಯಾಪ್ಟನ್ ಕಳಿಸುತ್ತಿರಲಿಲ್ಲ.

"ಅಳಿಯಾ, ನಿನ್ ಪಾಲಿಂದ ಒಂದು ತೋಟೆ ಕೊಡು" ಎಂದ ಇಲೋಕಾ.

"ಕ್ಯಾಪ್ಟನ್ ಬೈತಾರೆ, ಮಾವ."

"ಬೈಲಿ ಬಿಡು. ಬೈಗುಳಕ್ಕೆ ಯಾರೂ ಸತ್ತಿಲ್ಲ."

ಇಲೋಕಾ ರಿಪೇರಿ ಮುಗಿಸಿ, ತೋಟೆ ತುಂಬಿ, ಗೋಡೆಯ ಆಚೆ ಹೋಗಿ ಕೋವಿಯ ಕುದುರೆ ಎಳೆದ. ನಳಿಗೆಯೊಳಗೆ ಕಣ್ಣಿಗೆ ಬೀಳದ ಬಿರುಕಿತ್ತು. ಕೋವಿ ಸಿಡಿದು ಎಡಗೈಯ ಎರಡು ಬೆರಳು ಹಾರಿಹೋದವು.

ಅಡಾಕು ತನ್ನ ಸೀರೆಯಂಥ ಸುತ್ತುಬಟ್ಟೆ ಹರಿದು ಕೈ ಕಟ್ಟುತ್ತ ಬೈದಳು. "ಮುದುಕನಿಗೆ ಯಾಕಪ್ಪಾ ಬೇಕಿತ್ತು ಈ ಹುಚ್ಚು?" ಮಡುಕಾ ಪಕ್ಕದಲ್ಲಿ ಕೂತು ಮಗುವಿನಂತೆ ಅಳುತ್ತಿದ್ದ. ಅವನನ್ನು ಕಂಡದ್ದೇ ಅವಳ ಬೈಗುಳ ನಿಂತುಹೋಯಿತು. ಅಪ್ಪನ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅವಳೂ ಅತ್ತಳು.

ಕ್ಯಾಪ್ಟನ್ ಬಂದು ನೋಡಿದ. ಅಂದಿನಿಂದ ಹಾರಿಸಿ ನೋಡಲೆಂದು ಕೋವಿಗೊಂದು ತೋಟೆಯನ್ನು ತಾನೇ ಕಳಿಸತೊಡಗಿದ. ಮಡುಕಾನಿಗೆಂದು ಇನ್ನೊಂದು ಕೆಟ್ಟ ಕೋವಿಯನ್ನೂ ಕೊಟ್ಟು, "ಇದು ಯಾವಾಗ ಸಿಗತ್ತೆ?" ಎಂದು ಕೇಳಿದ.

ಇಲೋಕಾ ಕಟ್ಟಿದ ಕೈ ತೋರಿಸಿದ. "ನೋಡಿ, ಸ್ವಾಮಿ. ಸ್ವಲ್ಪ ತಡ ಆಗತ್ತೆ."

ಉಳಿದವರ ಕೋವಿಗಳು ಮೊದಲಿನ ಹಾಗೇ ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಿದ್ದವು. ಕ್ಯಾಪ್ಟನ್ ಅದನ್ನು ಕಂಡೂ ಕಾಣದಂತಿದ್ದ, ಒಳ್ಳೆಯ ಮನುಷ್ಯ. ಯುದ್ಧ ಮುಗಿಯಿತೆಂದು ರೇಡಿಯೊ ಸಾರಿದ ದಿನ ಮಡುಕಾನ ಕೋವಿ ಕುಲುಮೆಯ ಪಕ್ಕ, ಗೋಣಿಯ ಮೇಲೆ ಬಿಚ್ಚಿಕೊಂಡೇ ಬಿದ್ದಿತ್ತು. ಮಡುಕಾ ಹಿತ್ತಲಲ್ಲಿ ಹೆಂಡತಿಗೆ ಸೌದೆ ಒಡೆದುಕೊಡುತ್ತಿದ್ದ.