ಜೂನ್ ಒಂದರ ಬಳೆಸದ್ದು

ಬೆಳಿಗ್ಗೆ ಏಳೂವರೆಗೆ ನನ್ನ ದನಿ ಕಲಬುರಗಿಯ ಅಡುಗೆಮನೆಗಳಲ್ಲಿ, ಆಟೋಗಳಲ್ಲಿ, ಕಟಿಂಗ್ ಅಂಗಡಿಗಳಲ್ಲಿ ಕೇಳಿಸುತ್ತದೆ. ಸೇಡಂ ರಸ್ತೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಸಣ್ಣ ರೇಡಿಯೋ ಸ್ಟೇಶನ್ ಇದೆ. ನಾನು ಅಲ್ಲಿ ಉದ್ಘೋಷಕಿ. ಹಾಡಿನ ಲೋಕದಲ್ಲಿ ಇವತ್ತಿನ ತಾರೀಖಿನಂದು ಹಿಂದೆ ಏನೇನು ನಡೆದಿತ್ತು ಎಂದು ಹೇಳುವ ಹತ್ತು ನಿಮಿಷದ ಕಾರ್ಯಕ್ರಮ ನನ್ನದು. ಇದೇ ದಿನ ಕಡಲಾಚೆ ಯಾವುದೋ ತಂಡ ತನ್ನ ಮೊದಲ ರೆಕಾರ್ಡು ಬಿಟ್ಟಿತು, ಇದೇ ದಿನ ಮುಂಬೈಯಲ್ಲಿ ಇಂಥ ಗಾಯಕಿ ಮೊದಲ ಸಲ ಮೈಕಿನ ಮುಂದೆ ನಿಂತರು, ಇದೇ ದಿನ ಯಾವುದೋ ದೇಶದ ಮೈದಾನದಲ್ಲಿ ಸುರಿಯುವ ಮಳೆಯಲ್ಲೇ ಸಾವಿರಾರು ಜನ ಕುಣಿದರು. ಇದೆಲ್ಲ ಬೆಂಗಳೂರಿನಲ್ಲಿ ಟೈಪಾಗಿ ಬರುತ್ತದೆ, ನಾನು ಓದುತ್ತೇನೆ. ಓದಿ ಓದಿ ನನಗೆ ತಲೆ ಕೆಟ್ಟುಹೋಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಆ ಹಾಳೆಯನ್ನು ಹಿಡಿದುಕೊಂಡೇ ಸಾಹೇಬರ ಕೋಣೆಗೆ ನುಗ್ಗಿದೆ. ಸಾಹೇಬರೆಂದರೆ ನಮ್ಮ ಸ್ಟೇಶನ್ನಿನ ಮುಖ್ಯಸ್ಥರು. ಚಹಾ ಒಂದನ್ನು ಬಿಟ್ಟು ಲೋಕದ ಯಾವುದರ ಮೇಲೂ ಆಸೆ ಇಲ್ಲದ ಮನುಷ್ಯ.

“ಸರ್, ನಮ್ಮ ಕಡೆ ಯಾರೂ ಬಾಯೇ ತೆರೆದಿಲ್ಲೇನ್ರಿ? ದಿನಾ ಪರದೇಶದವ್ರದೇ ಓದೂದೇನು?”

“ಹಾಡ್ಯಾರ, ಯಾರ್ ಇಲ್ಲ ಅಂದ್ರು? ಆದ್ರ ನಿಮ್ಮ ಪ್ರೋಗ್ರಾಂ ತಾರೀಖಿಂದು. ತಾರೀಖು ತರ್ರಿ, ಓದ್ರಿ. ಸುಮ್ನ ‘ಒಂದಾನೊಂದು ಕಾಲದಾಗ’ ಅಂದ್ರ ನಡ್ಯಂಗಿಲ್ಲ.”

ತರುತ್ತೇನೆ ಎಂದು ಹೊರಟೆ. ತತ್ವಪದ ಹಾಡುವವರು, ಮೊಹರಂ ಪದ ಹಾಡುವವರು, ನಾಟಕಗಳಿಗೆ ಹಾರ್ಮೋನಿಯಂ ಪೇಟಿ ಬಾರಿಸಿದವರು, ಬ್ಯಾಂಡಿನಲ್ಲಿ ಸಿನಿಮಾ ಹಾಡು ಹಾಡಿ ಗಂಟಲು ಸವೆಸಿದವರು, ಒಟ್ಟು ಹನ್ನೊಂದು ಜನರ ಮನೆಗಳಿಗೆ ಹೋದೆ. ಹುಟ್ಟಿದ ದಿನಕ್ಕಿಂತ ಗಟ್ಟಿ ತಾರೀಖು ಯಾವುದಿದೆ? ಶಾಲೆಯ ಸರ್ಟಿಫಿಕೇಟು ತೋರಿಸಿ ಎಂದೆ. ಮೊದಲನೆಯವರದು ಜೂನ್ ಒಂದು. ಎರಡನೆಯವರದೂ ಜೂನ್ ಒಂದು. ಮೂರನೆಯವರದೂ ಅದೇ ಬಂದಾಗ ನನ್ನ ಮೈ ಜುಮ್ಮೆಂದಿತು. ಯಪ್ಪಾ, ಎಂಥ ದಿನವಪ್ಪಾ ಇದು! ಹನ್ನೊಂದು ಜನರಲ್ಲಿ ಒಂಬತ್ತು ಜನ ಒಂದೇ ತಾರೀಖಿಗೆ ಹುಟ್ಟಿದ ಕಲಾವಿದರು! ನಾನು ಮೆಟ್ಟಿಲು ಎರಡೆರಡು ಹಾರಿ ಸಾಹೇಬರ ಮುಂದೆ ಹಾಳೆ ಹರಡಿದೆ.

ಸಾಹೇಬರು ನಕ್ಕ ರಭಸಕ್ಕೆ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು. “ಏನ್ ಮ್ಯಾಡಂ, ಉಳಿದ ದಿನ ನಮ್ಮ ಜಿಲ್ಲಾದಾಗ ಹೆರಿಗೇನೇ ಆಗ್ಲಿಲ್ಲೇನ್ರಿ? ಇವ್ರನ್ನ ತಾಯಿ ಹಡೆದದ್ದು ಯಾವಾಗೋ ಏನೋ. ಈ ತಾರೀಖಿಗೆ ಹಡೆದವ್ರು ಹೆಡ್‌ಮಾಸ್ತರ್ರು!”

ಆಗ ನನಗೆ ಬೆಳಕಾಯಿತು. ದವಾಖಾನೆಯಲ್ಲಿ ಹುಟ್ಟಿ ಸರ್ಟಿಫಿಕೇಟಿನ ಸಮೇತ ಮನೆಗೆ ಬಂದ ನನಗೆ ಅದು ಹೊಳೆದೇ ಇರಲಿಲ್ಲ. ಹಿಂದೆ ಮಗುವನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರೆ ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ತಲೆಯ ಮೇಲಿಂದ ಕೈ ತಂದು ಆಚೆ ಕಿವಿ ಮುಟ್ಟಿದರೆ ವಯಸ್ಸಾಯಿತೆಂದು ಲೆಕ್ಕ. ಹೆಡ್‌ಮಾಸ್ತರರು ಶಾಲೆ ತೆರೆಯುವ ದಿನವನ್ನೇ ಹುಟ್ಟಿದ ದಿನವೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಹಂಗಾದ್ರ ಅದೇ ಜೂನ್ ಒಂದಕ್ಕ ನಮ್ಮ ಕಡೆ ಖರೇನ ನಡೆದದ್ದು ಒಂದು ತಂದ್ರ?” ಎಂದೆ.

“ತರ್ರಿ. ಹತ್ತು ನಿಮಿಷ ಅಲ್ಲ, ಅರ್ಧ ತಾಸು ಕೊಡ್ತೀನಿ. ಅದೂ ಲೈವ್!”

ಮರುದಿನ ಬೆಳಿಗ್ಗೆ ರೇಡಿಯೋದಲ್ಲೇ ಕೇಳುಗರನ್ನು ಕೇಳಿದೆ. ಹಾಡಿಗೆ ಸಂಬಂಧಪಟ್ಟ ಏನಾದರೂ ಜೂನ್ ಒಂದರಂದು ನಿಮ್ಮ ಬದುಕಿನಲ್ಲಿ ನಡೆದಿದೆಯೇ, ನಡೆದಿದ್ದರೆ ಫೋನ್ ಮಾಡಿ. ಹುಟ್ಟಿದ್ದೊಂದು ಬಿಟ್ಟು. ಎರಡು ದಿನ ಯಾರೂ ಮಾಡಲಿಲ್ಲ. ಮೂರನೆಯ ದಿನ ಒಂದು ವಯಸ್ಸಾದ ದನಿ ಬಂತು.

“ಯವ್ವಾ, ಕಮಲಾಪುರದಿಂದ ಮಾತಾಡಾಕತ್ತೀನಿ. ಅರಿಷಿಣದ ಹಾಡಿಂದು ಕ್ಯಾಸೆಟ್ ಅದ ನೋಡು, ಎಲ್ಲಾ ಮದುವ್ಯಾಗ ಹಚ್ತಿದ್ರು. ಅದರಾಗ ಹಾಡಿದಾಕಿ ನಾನು.”

ಹಿಂದಿನಿಂದ ಇನ್ನೊಂದು ದನಿ, ಎಳೆಯದು, ಕೇಳಿಸಿತು. “ಅತ್ತಿ, ಇಡ್ರಿ ಫೋನ್. ರೇಡಿಯೋದವ್ರ ಮುಂದೂ ಅದೇ ಸುರು ಮಾಡಿದ್ರೇನು?”

ಆ ಕ್ಯಾಸೆಟ್ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ! ನನ್ನ ಮದುವೆಯ ಹಂದರದಲ್ಲೂ ಅದೇ ಮೊಳಗಿತ್ತು. ವಾದ್ಯ ಏನೂ ಇಲ್ಲದೆ ಒಂದೇ ಒಂದು ಹೆಣ್ಣುದನಿ ಎತ್ತರದಲ್ಲಿ ಶುರುವಾಗುತ್ತದೆ. ಅದು ಕೇಳಿದರೆ ಸಾಕು, ಅಡುಗೆಯವರೂ ಒಲೆ ಬಿಟ್ಟು ಎದ್ದು ಬರುತ್ತಿದ್ದರು. ಡಬ್ಬಿಯ ಮೇಲೆ ಒಬ್ಬ ಗಾಯಕಿಯ ಫೋಟೋ, ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ‘ಮತ್ತು ಸಂಗಡಿಗರು’. ಆ ಎತ್ತರದ ದನಿ ಫೋಟೋದವರದೇ ಎಂದು ನಾವೆಲ್ಲ ನಂಬಿದ್ದೆವು. ಅವರು ತೀರಿಹೋಗಿ ಎಷ್ಟೋ ಕಾಲವಾಗಿದೆ, ಕ್ಯಾಸೆಟ್ ಮಾಡಿದವರ ಪತ್ತೆಯೂ ಇಲ್ಲ. ಇಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ಹೇಳಬೇಕಾದ ಹೆಸರನ್ನು ರೇಡಿಯೋದಲ್ಲಿ ಗಟ್ಟಿಯಾಗಿ ಹೇಳಿದ್ದೇನೆ, ಅಷ್ಟು ಸಾಕು.

ಮಧ್ಯಾಹ್ನವೇ ಕಮಲಾಪುರದ ಬಸ್ಸು ಹಿಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳನ್ನು ಕಿಟಕಿಗೇ ತಂದು ಹಿಡಿಯುತ್ತಿದ್ದರು. ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕಡ್ಡಿಯಂತೆ ಸಣ್ಣ, ಬಿಗಿಯಾಗಿ ಕಟ್ಟಿದ ಬಿಳಿ ತುರುಬು, ಬಳೆಯಿಲ್ಲದ ಬರಿಗೈ. ಸೊಸೆ ಚಹಾ ತಂದಳು. ಕೆಟ್ಟವಳಲ್ಲ, ಬಾಯಿ ಮಾತ್ರ ನೇರ.

“ಮ್ಯಾಡಂ, ನಾ ಈ ಮನಿಗಿ ಬಂದು ಹದಿನೈದು ವರ್ಷ ಆತು. ನಮ್ಮತ್ತಿ ಒಂದಿನ ಗುನುಗಿದ್ದೂ ಕೇಳಿಲ್ಲ. ಡಬ್ಬಿ ಮ್ಯಾಲ ಹೆಸರಿಲ್ಲ, ಫೋಟೋ ಇಲ್ಲ. ಹೆಂಗ್ ನಂಬ್ಲಿ ಹೇಳ್ರಿ? ಓಣ್ಯಾಗ ಮಂದಿ ನಗ್ತಾರ.”

ಅಜ್ಜಿ ನನ್ನ ಕಡೆ ತಿರುಗಿದರು. “ಮದುವಿ ಹಾಡು ಮುತ್ತೈದೇರು ಹಾಡೂದವ್ವಾ. ಮಗನ ಲಗ್ನದ ಹಿಂದಿನ ವರ್ಷ ನಮ್ಮ ಯಜಮಾನ್ರು ಹೋದ್ರು. ಆಮ್ಯಾಲ ಹಂದರದಾಗ ನನ್ನ ಯಾರ್ ಕರೀತಾರ? ಬಾಯಿ ಮುಚ್ಚಿದೆ. ಈಕಿ ಬರೂದ್ರಾಗ ಎಲ್ಲಾ ಮುಗಿದಿತ್ತು.” ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು. “ನನಗ ಶಾಲು ಬ್ಯಾಡ, ಹಾರ ಬ್ಯಾಡ. ಆ ದನಿ ನಮ್ಮತ್ತೀದು ಅಂತ ಈಕಿ ಒಮ್ಮಿ ಅನ್ನಬೇಕು. ಅಷ್ಟೇ.”

ಸಾಹೇಬರ ಮುಖ ನೆನಪಾಗಿ ತಾರೀಖು ಕೇಳಿದೆ. ಅಜ್ಜಿ ಟ್ರಂಕು ತೆರೆದು ಮಗನ ಶಾಲೆಯ ಸರ್ಟಿಫಿಕೇಟು ತೆಗೆದರು. ಹುಟ್ಟಿದ ದಿನ: ಜೂನ್ ಒಂದು. ಶಾಲೆಗೆ ಸೇರಿದ ದಿನ: ಜೂನ್ ಒಂದು.

“ಹುಟ್ಟಿದ್ದು ಸುಳ್ಳು, ಅಂವ ಹುಟ್ಟಿದ್ದು ದೀಪಾವಳ್ಯಾಗ. ಸೇರಿದ್ದು ಖರೆ. ಅವತ್ತ ಅವನ್ನ ಸಾಲ್ಯಾಗ ಕೂಡಿಸಿ, ಅಂವ ಅಳಾಕತ್ರೂ ಹಿಂದ ನೋಡ್ದೆ ಗುಲಬರ್ಗಾ ಮೋಟಾರ್ ಹತ್ತಿದೆ. ಕ್ಯಾಸೆಟ್ಟಿಗೆ ಹಾಡಾಕ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಷ್ಟೋ ಸುಳ್ಳು ಜೂನ್ ಒಂದುಗಳ ನಡುವೆ ಒಂದೇ ಒಂದು ನಿಜವಾದದ್ದು ಸಿಕ್ಕಿತ್ತು!

ಆ ದಿನದ ಕಥೆ ಅಜ್ಜಿಯ ಬಾಯಲ್ಲೇ ಕೇಳಬೇಕು. ಕಲಬುರಗಿಯ ಜಗತ್ ವೃತ್ತದ ಹತ್ತಿರದ ಅಂಗಡಿಯೊಂದರ ಮೇಲಿನ ಕೋಣೆ. ಬೀದಿಯ ಸದ್ದು ಬರದಂತೆ ಕಿಟಕಿಗೆಲ್ಲ ಹೊದೆಯುವ ಕೌದಿ ಕಟ್ಟಿದ್ದರು, ಫ್ಯಾನು ಬಂದ್, ಬೆವರು ಧಾರಾಕಾರ. ಫೋಟೋದ ಗಾಯಕಿಗೆ ಅವತ್ತು ಗಂಟಲು ಕೆಟ್ಟು, ಎತ್ತರದ ದನಿ ಹತ್ತಲೊಲ್ಲದು. ಹಿಂದೆ ನಿಂತಿದ್ದ ಕಮಲಾಪುರದ ಈ ಹೆಣ್ಣುಮಗಳನ್ನು ಮುಂದೆ ಎಳೆದು ನಿಲ್ಲಿಸಿದರು.

“ರೆಕಾರ್ಡ್ ಮಾಡಾಂವ ಅಂದ, ಬಳಿ ತಗೀರಿ, ಸಪ್ಪಳ ಬರ್ತದ. ನಾ ಅಂದೆ, ಮನ್ಯಾಗ ಗಂಡ ಗುಂಡಕಲ್ಲಿನಂಗ ಇದ್ದಾನ, ಬಳಿ ಯಾಕ ತಗೀಲಿ? ಕಡಿಗೆ ಕರ್ಚೀಪು ಸುತ್ತಿ ಕಟ್ಟಿದ್ರು. ಹಾಡಿನ ಮೂರನೇ ನುಡಿಗೆ ನಾ ಕೈ ಎತ್ತಿದೆ, ಕರ್ಚೀಪು ಬಿಚ್ಚಿತು, ಛಣ್ ಅಂತು. ಮತ್ತೊಮ್ಮಿ ಹಾಡ್ಸಬೇಕಂದ್ರ ಕರೆಂಟ್ ಹೋತು. ಹಂಗೇ ಬಿಟ್ರು.”

“ಕೇಳಿದ್ರೇನ್ರಿ?” ಸೊಸೆ ನಕ್ಕಳು. “ಎಷ್ಟ್ ಚಂದ ಕಥಿ ಕಟ್ತಾರ!”

ಅಷ್ಟು ಹೇಳಿದ್ದೇ ತಡ, ಆ ಛಣ್ ಕ್ಯಾಸೆಟ್ಟಿನಲ್ಲಿ ಇದೆಯೇ ಎಂದು ಕೇಳಿ ನೋಡುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಊರಿಗೆ ಬಂದವಳೇ ನಮ್ಮ ಧ್ವನಿ ತಂತ್ರಜ್ಞರನ್ನು ಕರೆದುಕೊಂಡು ಹೊರಟೆ. ಅವರು ಊರಿನದೇ ಮೋಮಿನಪುರ ಓಣಿಯವರು, ಅವರ ಚಿಕ್ಕಪ್ಪನದು ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಧೂಳಿಗೆ ಸೀನಿ ಸೀನಿ, ಕೊನೆಯ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ ಸಿಕ್ಕಿತು. ನನ್ನ ಮದುವೆಯಲ್ಲಿ, ನೆಂಟರಿಷ್ಟರ ಮದುವೆಗಳಲ್ಲಿ ಎಷ್ಟು ಸಲ ಕೇಳಿದ್ದೆನೋ! ಆದರೆ ಹಂದರದ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಸ್ಟುಡಿಯೋಕ್ಕೆ ತಂದು ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ಮೊದಲ ನುಡಿ ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ, ದನಿ ಮೇಲಕ್ಕೇರುವಾಗ, ಛಣ್!

“ಅರೇ ವಾಹ್! ಸುನೇ ಕ್ಯಾ, ಕೇಳಿದ್ರೇನ್ರಿ ಮ್ಯಾಡಂ? ಬಳಿನೇ ಅದ್ರೀ!” ತಂತ್ರಜ್ಞರು ಮೇಜು ಗುದ್ದಿದರು. ನಾನು ಕಿರುಚಿದ್ದಕ್ಕೆ ಸಾಹೇಬರು ಚಹಾದ ಲೋಟದ ಸಮೇತ ಓಡಿ ಬಂದರು. ಅವರೂ ಕೇಳಿದರು. ಇನ್ನೊಮ್ಮೆ ಹಾಕು ಅಂದರು. ಮತ್ತೊಮ್ಮೆ ಅಂದರು. ನಾಲ್ಕನೆಯ ಸಲಕ್ಕೆ ಲೋಟ ಕೆಳಗಿಟ್ಟು, “ಅರ್ಧ ತಾಸು ನಿಮ್ಮದು” ಎಂದರು.

ಖುಷಿಗೆ ಕಮಲಾಪುರಕ್ಕೆ ಫೋನ್ ಹಚ್ಚಿದೆ. ಸೊಸೆ ಎತ್ತಿದಳು. ಬಳೆಯ ಸುದ್ದಿ ಹೇಳಿದೆ.

“ಬಳಿ ಸಪ್ಪಳ ಇದ್ದೀತು. ಅಲ್ಲಿ ಹೆಣ್ಮಕ್ಳು ಒಬ್ರೇ ಇದ್ರೇನ್ರಿ? ದನಿ ಅವ್ರದೇ ಅಂತ ಹೆಂಗ ಹೇಳ್ತೀರಿ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನು ಉಳಿದದ್ದು ಒಂದೇ. ಅಜ್ಜಿ ಹಾಡಬೇಕು, ಇವಳು ಕೇಳಬೇಕು.

ಜೂನ್ ಒಂದು ಬಂತು. ಅಜ್ಜಿ ಮಗನ ಜೊತೆ ಮೊದಲ ಬಸ್ಸಿಗೇ ಬಂದು, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಒಂದು ಚೀಲ ಕೆಂಪು ಬಾಳೆಹಣ್ಣನ್ನು ಸಾಹೇಬರ ಮೇಜಿನ ಮೇಲಿಟ್ಟರು. ಸೊಸೆ ಮನೆಯಲ್ಲೇ ಉಳಿದಿದ್ದಳು, ರೇಡಿಯೋ ಹಚ್ಚಿಕೊಂಡಿರುತ್ತೇನೆ ಎಂದಿದ್ದಳಂತೆ. ಕರೆಯದಿದ್ದರೂ ನನ್ನ ಒಂಬತ್ತು ಜನ ಹುಟ್ಟುಹಬ್ಬದವರೂ ಬಂದು ಓಣಿಯಂಥ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಪೇಟಿಯವರು ಎಲ್ಲರಿಗೂ ಪೇಡೆ ಹಂಚುತ್ತಿದ್ದರು.

ಈ ಗಡಿಬಿಡಿಯಲ್ಲಿ ನಾನೊಂದು ಮರೆತೆ. ಮೈಕಿನ ಮುಂದೆ ಕೂಡುವ ಮೊದಲು ಬಳೆ ಬಿಚ್ಚಿಡುವುದು ನಮ್ಮ ಸ್ಟೇಶನ್ನಿನ ನಿಯಮ. ಕೆಂಪು ದೀಪ ಹತ್ತಲು ಇನ್ನೇನು ಕ್ಷಣವಿದೆ, ಗಾಜಿನಾಚೆಯಿಂದ ತಂತ್ರಜ್ಞರು ಕೈ ತೋರಿಸಿ ತೋರಿಸಿ ಸನ್ನೆ ಮಾಡುತ್ತಿದ್ದಾರೆ. ಅಯ್ಯೋ ದೇವರೇ ಎಂದು ಹಸಿರು ಗಾಜಿನ ಬಳೆಗಳಿಗೆ ಕೈ ಹಾಕಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

“ಇರ್ಲಿ ಬಿಡವ್ವಾ.”

ದೀಪ ಹತ್ತಿತು. ಜೂನ್ ಒಂದರಂದು ಕಡಲಾಚೆ ಏನಾಯಿತೋ, ಮುಂಬೈಯಲ್ಲಿ ಏನಾಯಿತೋ, ಅವತ್ತು ನಾನು ಓದಲಿಲ್ಲ. ಇದೇ ದಿನ ನಮ್ಮೂರಿನ ಜಗತ್‌ನಲ್ಲಿ, ಕೌದಿ ಕಟ್ಟಿದ ಒಂದು ಕೋಣೆಯಲ್ಲಿ, ನಾವೆಲ್ಲ ಕೇಳಿ ಬೆಳೆದ ಹಾಡು ಹುಟ್ಟಿತು ಎಂದೆ. ಅಜ್ಜಿಯ ಹೆಸರನ್ನು ಹೇಳಿದೆ. ಸಾಲದೆಂದು ಇನ್ನೆರಡು ಸಲ ಹೇಳಿದೆ. ಆಮೇಲೆ ಮೈಕನ್ನು ಅವರ ಕಡೆ ತಿರುಗಿಸಿದೆ.

ಮೊದಲ ದನಿಯೇ ಒಡೆಯಿತು. ಹದಿನೈದು ವರ್ಷಕ್ಕೂ ಹಿಂದೆ ಮುಚ್ಚಿದ ಗಂಟಲು ಒಮ್ಮೆಲೇ ತೆರೆದುಕೊಳ್ಳುವುದೆಂದರೇನು? ಅಜ್ಜಿ ಕಣ್ಣು ಮುಚ್ಚಿ ಮತ್ತೆ ಎತ್ತಿಕೊಂಡರು, ಈ ಸಲ ದನಿ ಹತ್ತಿತು. ಮೊದಲಿನಷ್ಟು ಎತ್ತರವಿಲ್ಲ, ಅಂಚಿನಲ್ಲಿ ಸವೆದಿದೆ, ಆದರೆ ಅದೇ, ಅದೇ ದನಿ! ಪಡಸಾಲೆಯಲ್ಲಿ ಪೇಡೆ ಹಂಚುವುದು ನಿಂತಿತು. ಗಾಜಿನಾಚೆ ಸಾಹೇಬರು ಎದ್ದು ನಿಂತರು. ಒಂದನೇ ನುಡಿ, ಎರಡನೇ ನುಡಿ. ಮೂರನೆಯದಕ್ಕೆ ದನಿ ಮೇಲೇರುವಾಗ ಅಜ್ಜಿಯ ಬರಿಗೈ ತಾನಾಗಿ ಮೇಲೆದ್ದಿತು. ಗಾಳಿಯಲ್ಲಿ ಅರೆಗಳಿಗೆ ನಿಂತಿತು. ಆಮೇಲೆ ಕೆಳಗಿಳಿದು, ನನ್ನ ಮಣಿಕಟ್ಟು ಹಿಡಿದು, ಮೈಕಿನ ಹತ್ತಿರ ಎಳೆದು, ಸರಿಯಾದ ಜಾಗಕ್ಕೆ ಸರಿಯಾಗಿ ಒಮ್ಮೆ ಅಲ್ಲಾಡಿಸಿತು.

ಛಣ್.

ಅಜ್ಜಿ ಕಣ್ಣು ತೆರೆಯಲಿಲ್ಲ, ಹಾಡು ನಿಲ್ಲಿಸಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ನಾನು ಅಳುತ್ತಿದ್ದೆ, ಮುಚ್ಚಿಡುವುದೇನು.

ಹಾಡು ಮುಗಿಯುತ್ತಿದ್ದಂತೆ ಫೋನಿನ ದೀಪಗಳೆಲ್ಲ ಒಟ್ಟಿಗೆ ಮಿನುಗತೊಡಗಿದವು. ತಂತ್ರಜ್ಞರು ಮೊದಲನೆಯದನ್ನು ಲೈವ್‌ಗೆ ಕೊಟ್ಟರು. ನಾನು ಮೂಗು ಒರೆಸಿಕೊಂಡು ಕೇಳಿದೆ, “ನಮಸ್ಕಾರ್ರೀ, ಯಾರು ಮಾತಾಡೋದು?”

ಆಚೆಯಿಂದ ಒಂದಿಷ್ಟು ಹೊತ್ತು ಬರೀ ಉಸಿರು ಕೇಳಿಸಿತು. ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಅಮುಕಿದರು.

“ನಾನ್ರೀ, ಕಮಲಾಪುರದಿಂದ,” ಎಂದಿತು ಆ ದನಿ. “ಆ ಕ್ಯಾಸೆಟ್ಟಿನ್ಯಾಗ ಹಾಡಿದಾಕಿ ಸೊಸಿ.”