ಅಜ್ಜಿ, ಅವ್ವ, ಮಗಳು

ಬಸಲಿಂಗ ಕಾಕಾಗೆ ಸಿಟ್ಟು ಬಂದರೆ ಎದುರಿಗಿದ್ದವರಿಗೆ ಚಹಾ ಸಿಗುತ್ತಿತ್ತು. ಲೇಥ್ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ತಾವೇ ಹೋಗಿ ಹೇಳಿ ಬರುತ್ತಿದ್ದರು. "ಬಿಸಿ ಇದ್ದಾಗ ಅಳತಿ ತಗೀಬಾರದು ಯವ್ವಾ," ಎಂದು ನನಗೆ ಹೇಳಿಕೊಟ್ಟಿದ್ದರು. "ಕಬ್ಬಿಣ ಕಾದಾಗ ಹಿಗ್ಗಿರತೈತಿ. ಸಿಟ್ಟೂ ಹಂಗ. ಆರಲಿ. ಆರಿದ ಮ್ಯಾಲೆ ಎಷ್ಟ ಉಳೀತೈತಲ್ಲ, ಅದು ಖರೇ ಅಳತಿ. ಅಷ್ಟನ್ನೂ ತಿರುಗಿ ಕೊಡಬೇಕು. ಕಡಿಮಿ ಅಲ್ಲ, ಹೆಚ್ಚೂ ಅಲ್ಲ."

ಪಕ್ಕದ ಶೆಡ್ಡಿನವನೊಬ್ಬ, ಕೂದಲೆಳೆಯನ್ನೂ ಅಳೆಯುವ ಅವರ ಮೈಕ್ರೋಮೀಟರ್ ಒಯ್ದು, ಕೆಳಗೆ ಬೀಳಿಸಿ, ಬಾಯಿಬಿಡದೆ ತಂದಿಟ್ಟಿದ್ದ. ಕಾಕಾ ಎಂಟು ತಿಂಗಳು ಕಾದರು. ಅವನು ಅರ್ಜೆಂಟ್ ಕೆಲಸವೆಂದು ಮತ್ತೆ ಕೇಳಲು ಬಂದಾಗ ಅದೇ ಮೈಕ್ರೋಮೀಟರಿಗೆ ಎಣ್ಣೆ ಹಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಳತೆ ತಪ್ಪಿ ಅವನ ಮಾಲು ಪೂರ್ತಿ ವಾಪಸ್ ಬಂತು.

"ಎಂಟ ತಿಂಗಳಲ್ಲ, ಎಂಟ ದಿನಾ," ಎಂದು, ಕಾಕಾ ಇದನ್ನು ಹೇಳುವಾಗ, ಅವರ ಹೆಂಡತಿ ಕಾಕು ಒಳಗಿನಿಂದ ಕೂಗಿದರು. "ತಿಂಗಳಗಟ್ಟಲೆ ಕಾಯೂ ತಾಳ್ಮಿ ಈ ಮನಿಷ್ಯಾಗ ಎಲ್ಲಿಂದ ಬರಬೇಕು?"

ನಾನು ಎಂಟು ತಿಂಗಳನ್ನೇ ಇಟ್ಟುಕೊಂಡಿದ್ದೇನೆ. ನನ್ನ ನೆನಪಿನ ಯೋಗ್ಯತೆ ಇಷ್ಟೇ: ಇಬ್ಬರಲ್ಲಿ ಯಾರ ಮಾತು ಚೆನ್ನಾಗಿತ್ತೋ ಅದು ನಡೆದದ್ದಾಗುತ್ತದೆ. ಓದುವವರು ಎಚ್ಚರದಿಂದಿರುವುದು ಒಳ್ಳೆಯದು.

ಕಾಕಾ ಬೈಲಹೊಂಗಲ ಕಡೆಯವರು. ನಾಸಿಕ್ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ, ಅಚ್ಚು ಉಪಕರಣ ಮಾಡುವ ಟೂಲ್‌ರೂಮಿನಲ್ಲಿ, ಅಪ್ಪನ ಜೊತೆಗಿದ್ದವರು. ನಿವೃತ್ತರಾದ ಮೇಲೆ ನಾಸಿಕ್‌ನ ಸಾತಪುರದಲ್ಲಿ ಮನೆಗೆ ಅಂಟಿಕೊಂಡಂತೆ ಒಂದೇ ಲೇಥಿನ ಶೆಡ್ ಹಾಕಿದ್ದರು. ಅಪ್ಪ ಅಮ್ಮ ಧಾರವಾಡಕ್ಕೆ ಮರಳಿದ ಮೇಲೆ, ಮರಾಠಿಯಲ್ಲೇ ಶಾಲೆ ಕಲಿತ ನನ್ನ ಜೊತೆ ಎದುರು ಕೂತು ಕನ್ನಡ ಆಡುವವರು ಅವರೊಬ್ಬರೇ ಉಳಿದರು.

ನಾನಾಗ, ಎರಡು ಸಾವಿರದ ಹತ್ತರ ಆಚೀಚೆ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನಮಗೆ ಬೇಕಾಗಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ, ರಬ್ಬರಿನಂಥ ಒಂದು ಸಿಲಿಕೋನ್ ತುಂಡು. ಅದರಲ್ಲಿ ಎರಡು ಪುಟ್ಟ ಕೋಣೆ, ನಡುವೆ ಕೂದಲಿಗಿಂತ ಸಣ್ಣ ಕಾಲುವೆಗಳು. ಇಲಿಮರಿಯ ಮೆದುಳಿನ ಕೋಶಗಳನ್ನು ಎರಡೂ ಕೋಣೆಗಳಲ್ಲಿ ಬೆಳೆಸಿದರೆ ಕೋಶ ಆಚೆ ದಾಟಲಾರದು. ಅದರ ಎಳೆ ಮಾತ್ರ ಕಾಲುವೆಯೊಳಗೆ ತೂರಿ ಆಚೆಯವರನ್ನು ಮುಟ್ಟುತ್ತದೆ. ಒಂದು ಕೋಣೆಗೆ ಔಷಧಿ ಹಾಕಿ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟುತ್ತದೆಂದು ನೋಡಬಹುದು.

"ಆ ಕಡೀದು ಈ ಕಡೀದಕ್ಕ ಏನ ಹೇಳತೈತಿ?" ಎಂದು ಕಾಕಾ ಕೇಳಿದರು.

"ಅದನ್ನ ನೋಡೂದ ನಮ್ಮ ಕೆಲಸಾರಿ."

"ಚಾಡಿ ಹೇಳತಿರಬೇಕು ತಗೋ."

ಇಂಥ ಕಾಲುವೆ ಕೊರೆಯುವ ದುಬಾರಿ ಸಲಕರಣೆ ನಮ್ಮಲ್ಲಿರಲಿಲ್ಲ. ಕಾಕಾ ಕನ್ನಡಿಯಂತೆ ಉಜ್ಜಿದ ಹಿತ್ತಾಳೆ ತಟ್ಟೆಯ ಮೇಲೆ ವಜ್ರದ ಮೊನೆಯಿಂದ ಉಸಿರು ಹಿಡಿದು ಗೀರು ಎಳೆದರು. ಗೀರಿನ ಮೇಲೆ ರಾಳ ಸುರಿದು ತೆಗೆದರೆ ಉಬ್ಬುಗೆರೆ. ಉಬ್ಬಿನ ಮೇಲೆ ಸಿಲಿಕೋನ್ ಸುರಿದರೆ ಕಾಲುವೆ. ಹಿತ್ತಾಳೆಯದು ಅಜ್ಜಿ, ರಾಳದ್ದು ಅವ್ವ, ಸಿಲಿಕೋನ್ ಮಗಳು. "ಮಗಳು ಅವ್ವನಂಗ ಇರಂಗಿಲ್ಲ. ಅಜ್ಜಿಯಂಗ ಇರತಾಳ," ಎನ್ನುತ್ತಿದ್ದರು. ಹಿತ್ತಾಳೆ ತಟ್ಟೆಗೆಂದು ಅವರು ಬರೆದ ನಕ್ಷೆಯ ಅಂಕಿಗಳೆಲ್ಲ ಇಂಗ್ಲಿಷಿನಲ್ಲಿ. ಕೆಳಗಿನ ಮೂಲೆಯಲ್ಲಿ ಮಾತ್ರ ಕನ್ನಡದಲ್ಲಿ "ಅಜ್ಜಿ" ಎಂದು, ಅದರಡಿಗೆ "ಬಸಲಿಂಗಪ್ಪ" ಎಂದು ಬರೆದಿದ್ದರು.

ಅಜ್ಜಿ, ಅವ್ವ ಕಾಕಾನ ಶೆಡ್ಡಿನಲ್ಲೇ ಉಳಿದರು, ಅಲ್ಲಿಂದ ತಂದ ಮೊದಲ ಮಗಳು ಚೆನ್ನಾಗಿ ನಡೆದಳು. ಎಳೆಗಳು ಕಾಲುವೆ ದಾಟಿದ ದಿನ ನಮ್ಮ ಸರ್, ಅಂದರೆ ಪ್ರಯೋಗಾಲಯದ ಮುಖ್ಯಸ್ಥ, ನಕ್ಷೆ ಕೇಳಿ ಪಡೆದರು. "ಮಿಸ್ತ್ರಿಯ ಸಹಿ ಏಕೆ?" ಎಂದು ಆ ಮೂಲೆಯನ್ನು ಕತ್ತರಿಸಿ, ತಮ್ಮ ಹೆಸರು ಹಾಕಿ, ಇನ್ನಷ್ಟು ಅಚ್ಚು ಮಾಡಿಕೊಡಲು ಊರಿನದೇ ಒಂದು ವರ್ಕ್‌ಶಾಪಿಗೆ ಕಳಿಸಿದರು. ಕಳಿಸುವ ಮುಂಚೆ ನನ್ನನ್ನು ಕೇಳಿದರು: "ನಕ್ಷೆ ಸರಿಯಿದೆಯಲ್ಲ?"

"ಸರಿಯಿದೆ ಸರ್," ಎಂದೆ. ಸರಿಯಾಗಿಯೇ ಇತ್ತು. ಅದು ಅಜ್ಜಿಯದು ಎನ್ನುವ ಒಂದು ಪದ ಮಾತ್ರ ಕಸದ ಬುಟ್ಟಿಯಲ್ಲಿತ್ತು.

ವರ್ಕ್‌ಶಾಪಿನವರು ಅಜ್ಜಿಯನ್ನೇ ಅವ್ವ ಎಂದುಕೊಂಡು ಗೀರಿನ ಅಚ್ಚನ್ನೇ ಕಳಿಸಿದರು, ನಡುವೆ ರಾಳವಿಲ್ಲದೆ ಸಿಲಿಕೋನ್ ನೇರ ಅದರ ಮೇಲೆ ಬಿತ್ತು. ಕಾಲುವೆ ಇರಬೇಕಾದಲ್ಲೆಲ್ಲ ಉಬ್ಬು ಬಂತು. ತುಂಡು ತಳದ ಗಾಜಿಗೆ ಅಂಟದೆ ಎದ್ದು ನಿಂತಿತು. ಹೊರಗಿನಿಂದ ಬಂದ ತಜ್ಞರ ಎದುರು ಸರ್ ಒಂದು ಕೋಣೆಗೆ ಕೆಂಪು ಬಣ್ಣ ಬಿಟ್ಟರು. ಅದು ಇನ್ನೊಂದು ಕೋಣೆಗೆ ನುಗ್ಗಿ, ಅಂಚಿನಿಂದ ಸೋರಿ, ಅವರ ಅಂಗಿಯ ತೋಳಿಗೂ ಹತ್ತಿತು. ಅವರ ಮುಖ ಬಿಳಚಿಕೊಂಡಿತೆಂದು ಕಾಕಾಗೆ ಮೂರು ಸಲ ವರ್ಣಿಸಿದೆ. ನಾನು ನಿಂತಿದ್ದದ್ದು ಸರ್ ಬೆನ್ನ ಹಿಂದೆ.

ಒಂದು ವಾರಕ್ಕೆ ಸರ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ವೈಜಾಪುರ, ಯೇವಲಾ ದಾಟಿ ಸಾತಪುರಕ್ಕೆ ಬಂದರು. ಹೊಸ ಅಚ್ಚು ಮಾಡಿಕೊಡಿ ಎಂದು ಮರಾಠಿಯಲ್ಲಿ ಕೇಳಿದರು. ಮೂವತ್ತು ವರ್ಷ ಮರಾಠಿಯಲ್ಲೇ ದುಡಿದ ಕಾಕಾ ನನ್ನ ಕಡೆ ತಿರುಗಿದರು.

"ಏನಂತಾನ ಇಂವಾ?"

"ಅಚ್ಚು ಬೇಕಂತರಿ."

"ನನ್ನ ಹೆಸರ ಕತ್ತರಿಸಿ ಒಗದವಗ ಒಂದ ಗೀರೂ ಎಳಿಯಂಗಿಲ್ಲ ಅನ್ನು. ನೀವು ಬರಿಯೂ ಪೇಪರದಾಗ ನನ್ನ ಹೆಸರು ಅವನ ಹೆಸರಿನ ಬಾಜೂಕ ಬರಬೇಕು. ಕೊನಿಗೆ ಥ್ಯಾಂಕ್ಸ್ ಹೇಳತಾರಲ್ಲ, ಆ ಜಾಗಾದಾಗಲ್ಲ."

ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದ ಕೈ ನನ್ನ ಪಕ್ಕದಲ್ಲೇ ಇತ್ತು. "ಕಾಕಾಗೆ ಈಗ ಕೆಲಸ ಜಾಸ್ತಿಯಂತೆ ಸರ್," ಎಂದು ಮರಾಠಿಯಲ್ಲಿ ಹೇಳಿದೆ. "ಹೆಸರಿನ ಬಗ್ಗೆಯೂ ಸ್ವಲ್ಪ ಯೋಚಿಸಬಹುದೇ ಅಂತ."

"ಹಂಗ ಅಂದಿಲ್ಲ ನಾ. ಅಂದಂಗ ಅನ್ನು."

ಅಂದಂತೆಯೇ ಅಂದೆ.

"ಕಳ್ಳ ಅಂತನೂ ಅನ್ನು."

ಅದನ್ನೂ ಅಂದೆನೆಂದು ನನ್ನ ನೆನಪು ಹೇಳುತ್ತದೆ. ಅಂದಿರಲಿಕ್ಕಿಲ್ಲ. ಅಂದಿದ್ದರೆ ಅದರ ರುಚಿ ಈಗಲೂ ನಾಲಿಗೆಯ ಮೇಲಿರುತ್ತಿತ್ತು.

ಕಾಕಾ ತಾವೇ ಹೋಗಿ ಹೇಳಿ ಬಂದಿದ್ದ ಚಹಾವನ್ನು ಸರ್ ಪೂರ್ತಿ ಕುಡಿದು ಎದ್ದರು. "ಮಿಸ್ತ್ರಿಯ ಹೆಸರು ಹಾಕಿದರೆ ನಾಳೆ ಇಲಿಯ ಹೆಸರೂ ಹಾಕಬೇಕಾಗುತ್ತದೆ," ಎಂದರು.

ಆ ಮನುಷ್ಯನ ಹೆಸರನ್ನು ಈ ಬರಹದಲ್ಲಿ ಎಲ್ಲೂ ಬರೆದಿಲ್ಲ. ಮರೆತದ್ದಲ್ಲ.

ಆಮೇಲೆ ನನ್ನ ಪ್ರಬಂಧ ಅವರ ಮೇಜಿನ ಮೇಲೆ ಒಂದು ವರ್ಷ ಅಲುಗಾಡಲಿಲ್ಲ. ನನ್ನ ಕಪಾಟಿನಲ್ಲಿ ರಾಳದ ಒಂದು ಅವ್ವ ಇದ್ದಳು. ನಾನು ಕೈ ಪಳಗಿಸಿಕೊಳ್ಳಲೆಂದು ಕಾಕಾ ಮಾಡಿಕೊಟ್ಟದ್ದು. ಒಂದು ಬೆಳಿಗ್ಗೆ ಅದನ್ನು ಒಯ್ದು ಸರ್ ಮುಂದಿಟ್ಟೆ. ಯಾರೂ ಒತ್ತಾಯಿಸಿರಲಿಲ್ಲ. ಸಂಶೋಧನಾ ಪತ್ರಿಕೆಯಲ್ಲಿ ಪೇಪರ್ ಬಂತು. ಮೊದಲು ಅವರ ಹೆಸರು, ಆಮೇಲೆ ನನ್ನದು. ಕಾಕಾನ ಹೆಸರು ಥ್ಯಾಂಕ್ಸ್ ಹೇಳುವ ಜಾಗದಲ್ಲೂ ಇರಲಿಲ್ಲ.

ಡಿಗ್ರಿ ಸಿಕ್ಕ ಮೇಲೆ ಸಾತಪುರಕ್ಕೆ ಹೋದೆ. ಅದೇ ಕೊನೆ, ಮುಂದಿನ ವರ್ಷ ಕಾಕಾ ತೀರಿಕೊಂಡರು, ಕಾಕು ಊರಿಗೆ ಹೋದರು. ಆ ದಿನ ಪೇಪರನ್ನು ನಾನೇ ಕಾಕಾನ ಕೈಗಿಟ್ಟೆ. ತಪ್ಪನ್ನು ನನ್ನ ಬಾಯಿಂದಲೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಹೆಸರುಗಳ ಸಾಲಿನ ಮೇಲೆ ಬೆರಳಾಡಿಸಿ, ಸಾಲು ಮುಗಿದ ಮೇಲೂ ಖಾಲಿ ಕಾಗದದ ಮೇಲೆ ಬೆರಳನ್ನು ಸ್ವಲ್ಪ ದೂರ ಒಯ್ದರು.

"ಅಭಿನಂದನ್, ಮ್ಯಾಡಮ್," ಎಂದರು. "ಬಸಾ ನಾ." ಕೂತುಕೊಳ್ಳಿ ಎಂದು ಮರಾಠಿಯಲ್ಲಿ, ಗಿರಾಕಿಗೆ ಹೇಳುವಂತೆ.

"ಯಾವಾಗ ಬಂದ್ಯವ್ವಾ?" ಎನ್ನುತ್ತ ಹೊರಬಂದ ಕಾಕು, ಕಾಕಾನ ಮುಖ ನೋಡಿ ಹಾಗೇ ಒಳಗೆ ಹೋದರು.

ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಕಾಕಾ ತಲೆಯಾಡಿಸುತ್ತ, ಅರ್ಥವಾಗದವರ ಸೌಜನ್ಯದಿಂದ ಕೇಳಿಸಿಕೊಂಡರು.

"ಕಾಕಾ, ಬೈರಿ. ಕನ್ನಡದಾಗ ಬೈರಿ."

ಬೈಲಹೊಂಗಲದ ಬಸಲಿಂಗಪ್ಪನವರು ಪೇಪರನ್ನು ಅಚ್ಚುಕಟ್ಟಾಗಿ ಮಡಿಚಿ ನನ್ನ ಕೈಗೆ ಕೊಟ್ಟು, ತಮಗೆ ಕನ್ನಡ ಬರುವುದಿಲ್ಲ ಎಂದರು: "ಮಲಾ ಕಾನಡಿ ಯೇತ್ ನಾಹಿ, ಮ್ಯಾಡಮ್."